ಪಿಟ್ಯುಟರಿ ಗ್ರಂಥಿಯ ಉರಿಯೂತ: ಒಂದು ಚಾರಿತ್ರಿಕ ವಿಚಾರ

ಪಿಟ್ಯುಟರಿ ಎಂಬ ಹೆಸರಿಗೆ ಮೂಲವಾದ ಲ್ಯಾಟಿನ್ ಶಬ್ದಕ್ಕೆ ಶ್ಲೇಷ್ಮವೆಂದು ಅರ್ಥ. ಮಿದುಳಿನ ಮಲವು ಈ ಗ್ರಂಥಿಯ ಮಾರ್ಗವಾಗಿ ಮೂಗು ಗಂಟಲುಗಳಿಗೆ ಇಳಿಯುವುದೆಂಬ ಗ್ಯಾಲೆನನ ಮತವನ್ನೇ 1543ರಲ್ಲಿ ವೆಸೇಲಿಯಸನೂ ಅಂಗೀಕರಿಸಿದನು. 17ನೆಯ ಶತಮಾನದಲ್ಲಿ ವಿಟೆನ್‌ಬರ್ಗಿನ ಷ್ನೈಡರನೂ ಇಂಗ್ಲೆಂಡಿನ ರಿಚರ್ಡ್ ಲೋಯರನೂ ಇದನ್ನು ಖಂಡಿಸಿದರು. ಮತವು ಬಿದ್ದಿತು, ಹೆಸರು ಉಳಿಯಿತು. ರೂಢಿಯು ಯೋಗಾರ್ಥವನ್ನು ಮೀರುವುದು ಶಬ್ದಶಾಸ್ತ್ರಜ್ಞರಿಗೆ ಹೊಸತಲ್ಲ. ಕಡಲೆಕಾಳಿನಷ್ಟಿರುವ ಈ ಗ್ರಂಥಿಯು ಥೈರಾಯ್ಡ್, ಅಡ್ರಿನಲ್ ಮೊದಲಾದ ಗ್ರಂಥಿಗಳನ್ನು ತನ್ನ ಹಾರ್ಮೋನುಗಳಿಂದ ಪ್ರೇರಿಸುವುದೆಂಬ ಜ್ಞಾನವು ಬಹಳ ತಡವಾಗಿ ಬಂದಿತು.

ಗ್ರಂಥಿಯು ನಾಶವಾದರೆ ದೇಹವೆಲ್ಲ ಸೊರಗುವುದೆಂಬುದನ್ನು 1914ರಲ್ಲಿ ಹ್ಯಾಂಬರ್ಗಿನ ಮಾರಿಸ್ ಸಿಮಂಡ್ಸನು ತೋರಿಸಿದನು. ಆತನು ಪರೀಕ್ಷಿಸಿದ ಶವವು 46 ವರ್ಷದ ಸ್ತ್ರೀಯದು. 11 ವರ್ಷಗಳ ಹಿಂದೆ ಆಕೆಗೆ ಬಾಣಂತಿಯ ನಂಜು ತಗಲಿತ್ತು. 1917ರಲ್ಲಿ ಆತನೇ 2000 ಗ್ರಂಥಿಗಳನ್ನು ಪರಿಶೀಲಿಸಿ, ನಾಲ್ಕರಲ್ಲಿ ಕ್ಷಯ, ಸಿಫಿಲಿಸ್‌ಗಳಿಗೆ ಸೇರದ ಉರಿಯೂತದ ಗಂಟುಗಳನ್ನು ಕಂಡನು. ಕಾರಣವನ್ನು ಊಹಿಸಲು ಆ ಕಾಲದ ಶಾಸ್ತ್ರದಲ್ಲಿ ಆಧಾರವಿರಲಿಲ್ಲ. 1937ರಲ್ಲಿ ಗ್ಲಾಸ್ಗೋವಿನ ಷೀಹನ್ನನು ಪ್ರಸವಕಾಲದ ಅತಿರಕ್ತಸ್ರಾವದಿಂದ ಗ್ರಂಥಿಯು ಸಾಯುವುದನ್ನು ಸ್ಥಾಪಿಸಿದನು. ಈ ನಿರ್ಣಯವು ಯಥಾರ್ಥವೇ. ಆದರೆ ಬಾಣಂತಿಯರ ಗ್ರಂಥಿನಾಶಕ್ಕೆ ಇದೊಂದೇ ಹೇತುವೆಂದು ಭಾವಿಸಿದರೆ ಅತಿವ್ಯಾಪ್ತಿಯಾಗುವುದು.

ಆ ದೋಷವನ್ನು ಕಾಣಿಸಿದುದು 1962ರ ಗ್ಲಾಸ್ಗೋ ನಗರದ ಒಂದು ಪ್ರಕರಣ. 22 ವರ್ಷದ ತರುಣಿಯೊಬ್ಬಳು ಎರಡನೆಯ ಹೆರಿಗೆಯಾದ 14 ತಿಂಗಳಿಗೆ ಅಪೆಂಡಿಕ್ಸಿನ ಶಸ್ತ್ರಚಿಕಿತ್ಸೆಯ ಬಳಿಕ ಮೃತಳಾದಳು. ಸಾಮಾನ್ಯವಾಗಿ ಪ್ರಾಣಾಪಾಯವಿಲ್ಲದ ಶಸ್ತ್ರಕ್ರಿಯೆಯದು. ಗೌಡಿ, ಪಿಂಕರ್ಟನ್ ಎಂಬ ವೈದ್ಯರು ಶವವನ್ನು ಪರೀಕ್ಷಿಸಲು, ಪಿಟ್ಯುಟರಿಯ ಮುಂಭಾಗದಲ್ಲಿ ಲಿಂಫೋಸೈಟುಗಳೆಂಬ ರಕ್ಷಕಕಣಗಳು ತುಂಬಿದ್ದವು, ಥೈರಾಯ್ಡಿನಲ್ಲಿಯೂ ಹಾಗೆಯೇ. ಅಡ್ರಿನಲ್ ಗ್ರಂಥಿಗಳು ಬಾಡಿದ್ದವು. ಪ್ರೇರಕವಾದ ಹಾರ್ಮೋನು ಇಲ್ಲದೆ ಅಡ್ರಿನಲ್ಲುಗಳು ಕೃಶವಾಗುವುವು. ಕೃಶವಾದವು ಸಂಕಟಕಾಲಕ್ಕೆ ಬೇಕಾದ ಕಾರ್ಟಿಸಾಲನ್ನು ಒದಗಿಸಲಾರವು. ಕಾರ್ಟಿಸೋನು 1948ರಿಂದಲೇ ರೋಗಿಗಳಲ್ಲಿ ಪ್ರಯೋಗಗೊಂಡಿದ್ದ ಔಷಧ. ರೋಗವೇ ತಿಳಿಯದಿದ್ದಲ್ಲಿ ಔಷಧವಿದ್ದು ಫಲವೇನು?

ಕಾರಣವಿಚಾರಕ್ಕೆ ಮಾರ್ಗವು ಅಷ್ಟರೊಳಗೆ ತೆರೆದಿತ್ತು. ದೇಹದ ರಕ್ಷಣಾಶಕ್ತಿಯೇ ಸ್ವಂತ ಥೈರಾಯ್ಡಿನ ಮೇಲೆ ತಿರುಗುವುದೆಂಬುದನ್ನು 1956ರಲ್ಲಿ ಲಂಡನ್ನಿನ ರಾಯ್ಟ್, ಡೋನಿಯಕ್ ಮೊದಲಾದವರು ತೋರಿಸಿದ್ದರು. ಗ್ಲಾಸ್ಗೋವಿನವರು ಪಿಟ್ಯುಟರಿಗೂ ಅದನ್ನೇ ಅನ್ವಯಿಸಿದರು. ಒಂದೇ ಶವದಿಂದ ಮಾಡಿದ ಈ ಅನುಮಾನವು ಸಾಹಸವಾದರೂ, ಥೈರಾಯ್ಡಿನ ಸಹಚಾರವು ಬಲವಾದ ಲಿಂಗವಾಗಿದ್ದಿತು. 1980ರ ವೇಳೆಗೆ ಜೀವಂತ ರೋಗಿಗಳ ಗ್ರಂಥಿಯಿಂದ ತುಣುಕನ್ನು ತೆಗೆದು ನಿರ್ಣಯಿಸುವುದು ಸಾಧ್ಯವಾಯಿತು. ಗರ್ಭದ ಕೊನೆಯ ತಿಂಗಳುಗಳಲ್ಲಿಯೂ ಬಾಣಂತನದಲ್ಲಿಯೂ ಇದು ಹೆಚ್ಚಾಗಿ ತೋರುವುದೆಂದು ಮುಂದೆ ವಿದಿತವಾಯಿತು. ತಲೆನೋವು, ಹಾಲು ಬಾರದಿರುವಿಕೆ, ನಿತ್ರಾಣಗಳನ್ನು ಹೆರಿಗೆಯ ದಣಿವೆಂದೆಣಿಸುವುದು ಸುಲಭ.

ಪ್ರತ್ಯಕ್ಷಕ್ಕೆ ಸಮೀಪವಾದ ಪ್ರಮಾಣವು ಅನಿರೀಕ್ಷಿತವಾದ ಕಡೆಯಿಂದ ಬಂದಿತು. 2011ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಇಪಿಲಿಮುಮಾಬ್ ಎಂಬ ಅರ್ಬುದದ ಔಷಧವು ರಕ್ಷಣಾಶಕ್ತಿಯ ಕಡಿವಾಣವನ್ನು ಸಡಿಲಿಸುವುದು. ಅದನ್ನು ಪಡೆದ ಕೆಲವರಲ್ಲಿ ಪಿಟ್ಯುಟರಿಯು ಉರಿಯೂತಕ್ಕೊಳಗಾಗುವುದು. ಊತವು ಇಳಿದ ಮೇಲೆಯೂ ಅವರಲ್ಲಿ ಬಹುಮಂದಿಗೆ ಕಾರ್ಟಿಸಾಲಿನ ಕೊರತೆಯು ನಿಲ್ಲುವುದರಿಂದ, ಅದಕ್ಕೆ ಬದಲಾದ ಮಾತ್ರೆಗಳನ್ನು ದಿನವೂ ಸೇವಿಸಬೇಕಾಗುವುದು. ಜ್ವರ ಬಂದಾಗಲೂ ಶಸ್ತ್ರಚಿಕಿತ್ಸೆಯ ಸಮಯದಲ್ಲಿಯೂ ಪ್ರಮಾಣವನ್ನು ಹೆಚ್ಚಿಸುವರು.