ಹಲಗೆಗಳ ಕೂಡಿಕೆ: ಉಜ್ಜುಗೊರಡಿನಿಂದ ರೂಟರಿನವರೆಗೆ

ದೇವಾಲಯದ ಚರಿತ್ರೆಯನ್ನು ಬರೆಯುವಾಗ ನಾವು ಅಡಿಗಲ್ಲಿಟ್ಟವರನ್ನೂ ದಾನಿಗಳನ್ನೂ ಸ್ಮರಿಸುತ್ತೇವೆ. ಗೋಡೆಗೆ ಹಲಗೆ ಹೊದಿಸಿದ, ಮರದ ಒಳಛಾವಣಿ ಕೂರಿಸಿದ ಬಡಗಿಯ ನೆನಪು ಮಾತ್ರ ಅಪರೂಪ. ಆತನ ಕುಶಲತೆಯ ಒಂದು ಅಂಶವನ್ನಾದರೂ ಇಲ್ಲಿ ಸಂಗ್ರಹವಾಗಿ ಹೇಳಬಯಸುತ್ತೇವೆ.

ಮರವು ಮಳೆಗಾಲದಲ್ಲಿ ಹಿಗ್ಗುತ್ತದೆ, ಬೇಸಗೆಯಲ್ಲಿ ಕುಗ್ಗುತ್ತದೆ. ಅಂಚಿಗೆ ಅಂಚು ತಾಗಿಸಿ ಜೋಡಿಸಿದ ಹಲಗೆಗಳ ನಡುವೆ ಆಗ ಸಂದು ಕಾಣುವುದು ಸಹಜ. ಇದಕ್ಕೆ ಪೂರ್ವಿಕರು ಕಂಡುಕೊಂಡ ಉಪಾಯವೆಂದರೆ ಒಂದು ಹಲಗೆಯ ಅಂಚಿನಲ್ಲಿ ನಾಲಿಗೆ, ಮತ್ತೊಂದರಲ್ಲಿ ಅದು ಕೂರುವ ತೋಡು. ತೋಡು ನಾಲಿಗೆಗಿಂತ ತುಸು ಆಳವಾಗಿರಬೇಕು. ಕೂಡಿಕೆಗೆ ಅಂಟು ಹಾಕಬಾರದು. ಮೊಳೆಯನ್ನು ನಾಲಿಗೆಯ ಬುಡದಲ್ಲಿ ಓರೆಯಾಗಿ ಹೊಡೆದರೆ ಮುಂದಿನ ಹಲಗೆ ಅದನ್ನು ಮರೆಮಾಡುತ್ತದೆ.

ಹಿಂದೆ ಇದಕ್ಕೆ ಜೋಡಿ ಉಜ್ಜುಗೊರಡುಗಳು ಬೇಕಾಗಿದ್ದವು: ಒಂದು ನಾಲಿಗೆಗೆ, ಒಂದು ತೋಡಿಗೆ. ಅಮೆರಿಕದಲ್ಲಿ 1875ರಲ್ಲಿ ಹಕ್ಕುಪತ್ರ ಪಡೆದ ವಿನ್ಯಾಸದ ಸ್ಟ್ಯಾನ್ಲಿ 48 ಎಂಬ ಉಜ್ಜುಗೊರಡು ಎರಡು ಕೆಲಸವನ್ನೂ ತಾನೇ ಮಾಡಿತು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಕೈಯಲ್ಲಿ ಹಿಡಿಯುವ ವಿದ್ಯುತ್ ರೂಟರ್ ಬಂದಿತು. 1926ರ ಸುಮಾರಿಗೆ ಜರ್ಮನಿಯ ಕ್ರುಪ್ ಸಂಸ್ಥೆ ಮಾರುಕಟ್ಟೆಗೆ ತಂದ ಟಂಗ್‌ಸ್ಟನ್ ಕಾರ್ಬೈಡ್ ಲೋಹವು ಕಾಲಕ್ರಮದಲ್ಲಿ ರೂಟರ್ ಬಿಟ್ಟಿನ ಅಲಗಾಯಿತು. ಅಂಟು ತುಂಬಿದ ಪ್ಲೈವುಡ್ಡಿನಲ್ಲಿಯೂ ಅದು ಬೇಗನೆ ಮೊಂಡಾಗುವುದಿಲ್ಲ.

ನಮ್ಮ ನಗರದ ಪಶ್ಚಿಮ ಭಾಗಕ್ಕೂ ಮರಕ್ಕೂ ಹಳೆಯ ನಂಟು. ಮೈಸೂರು ರಸ್ತೆಯ ಟಿಂಬರ್ ಯಾರ್ಡ್ ಬಡಾವಣೆಯ ಹೆಸರೇ ಅದನ್ನು ಸಾರುತ್ತದೆ. ರಾಜಾಜಿನಗರಕ್ಕೆ ಹೊಂದಿದ ಮಲ್ಲೇಶ್ವರದಲ್ಲಿ 1938ರಲ್ಲಿ ಅರಣ್ಯ ಸಂಶೋಧನಾ ಪ್ರಯೋಗಾಲಯವಾಗಿ ಮೊದಲಾದದ್ದು 1988ರಲ್ಲಿ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಯಾಯಿತು.

ಇಂದು ನಾಲಿಗೆಯ ಬಿಟ್ಟು, ತೋಡಿನ ಬಿಟ್ಟು ಜೋಡಿಯಾಗಿ ದೊರೆಯುತ್ತವೆ. ನಿಮಿಷಕ್ಕೆ ಹತ್ತು ಸಾವಿರಕ್ಕೂ ಹೆಚ್ಚು ಸುತ್ತು ತಿರುಗುವ ಅವು ಒಂದು ದಿನದ ಕೆಲಸವನ್ನು ಗಳಿಗೆಯಲ್ಲಿ ಮುಗಿಸುತ್ತವೆ. ಎಲ್ಲ ಹಲಗೆಗಳ ಒಂದೇ ಮುಖವನ್ನು ಮೇಜಿಗೆ ತಾಗಿಸಿ ಕೊಯ್ದರೆ ಮೇಲ್ಮೈ ಸಮವಾಗಿ ಕೂಡುತ್ತದೆ. 18 ಮಿಲಿಮೀಟರ್ ದಪ್ಪದ ಹಲಗೆಗೆ ಮೂರನೆಯ ಒಂದು ಭಾಗ, ಅಂದರೆ 6 ಮಿಲಿಮೀಟರ್ ನಾಲಿಗೆ ಒಪ್ಪುತ್ತದೆ.

ಆದರೆ ಹಳೆಯ ಕಟ್ಟಡದ ದುರಸ್ತಿಯಲ್ಲಿ ಎಚ್ಚರ ಅಗತ್ಯ. 1956ರ ಕಾಯಿದೆಯಿಂದ ಮೆಟ್ರಿಕ್ ಅಳತೆ ಬರುವ ಮೊದಲು ನಮ್ಮ ಹಲಗೆಗಳು ಅಂಗುಲದ ಲೆಕ್ಕದವು. ಮಿಲಿಮೀಟರಿನ ನಾಲಿಗೆ ಅಂಗುಲದ ತೋಡಿಗೆ ಸರಿಯಾಗಿ ಕೂರದೇ ಹೋಗಬಹುದು. ಆಗ, ಒಂದು ಹಲಗೆ ಕೆಟ್ಟಿತೆಂದು ಇಡೀ ಗೋಡೆಯ ಹಲಗೆಗಳನ್ನು ಕಿತ್ತೆಸೆಯುವ ಸಲಹೆ ಬರುವುದುಂಟು. ಅದಕ್ಕೆ ಒಪ್ಪುವ ಮೊದಲು ಹಳೆಯ ತೋಡಿನ ಅಗಲ, ಆಳಗಳನ್ನು ಅಳೆದು ಬರೆದಿಡೋಣ; ಹಿರಿಯ ಬಡಗಿಯ ಹಳೆಯ ಉಜ್ಜುಗೊರಡನ್ನು ಗುಜರಿಗೆ ಹಾಕದೆ ಉಳಿಸೋಣ. ಹಿಗ್ಗುವುದಕ್ಕೂ ಕುಗ್ಗುವುದಕ್ಕೂ ಎಡೆಯಿಟ್ಟು ಆತ ಕೂಡಿಸಿದ ಹಲಗೆಗಳು ಇಂದಿಗೂ ಬಿಡದೆ ನಿಂತಿದ್ದರೆ, ಅವನ್ನು ಕಾಪಾಡುವುದು ನಮ್ಮ ಹೊಣೆ.