ಎಸ್‌ಎನ್ 1987ಎ

ಎಸ್‌ಎನ್ 1987ಎ ಎಂಬುದು ನಮ್ಮ ಆಕಾಶಗಂಗೆಯ ನೆರೆಯ ಗೆಲಕ್ಸಿಯಾದ ಬೃಹತ್ ಮೆಗೆಲಾನಿಕ್ ಮೋಡದಲ್ಲಿ ಕಾಣಿಸಿಕೊಂಡ ಮಹಾನವ್ಯ, ಅಂದರೆ ಸೂಪರ್‌ನೋವಾ. ಭೂಮಿಯಿಂದ ಸುಮಾರು 1,68,000 ಜ್ಯೋತಿರ್ವರ್ಷಗಳ ದೂರದಲ್ಲಿರುವ ಇದು 1987ರ ಫೆಬ್ರವರಿ 24ರಂದು ಪತ್ತೆಯಾಯಿತು. 1604ರ ಕೆಪ್ಲರ್ ಮಹಾನವ್ಯದ ತರುವಾಯ ಬರಿಗಣ್ಣಿಗೆ ಇಷ್ಟು ಉಜ್ಜ್ವಲವಾಗಿ ಗೋಚರಿಸಿದ ಮಹಾನವ್ಯ ಇದೊಂದೇ. ಹೆಸರಿನಲ್ಲಿರುವ ‘ಎಸ್‌ಎನ್’ ಸೂಪರ್‌ನೋವಾ ಎಂಬುದರ ಸಂಕ್ಷೇಪ. ‘ಎ’ ಅಕ್ಷರವು ಅದು ಆ ವರ್ಷದ ಮೊದಲ ಮಹಾನವ್ಯವೆಂಬುದನ್ನು ಸೂಚಿಸುತ್ತದೆ.

ಪತ್ತೆ

ಚಿಲಿ ದೇಶದ ಲಾಸ್ ಕಂಪಾನಸ್ ವೀಕ್ಷಣಾಲಯದಲ್ಲಿ ಇಯಾನ್ ಶೆಲ್ಟನ್ ತೆಗೆದ ಛಾಯಾಚಿತ್ರ ಫಲಕದಲ್ಲಿ ಹೊಸದೊಂದು ಉಜ್ಜ್ವಲ ಚುಕ್ಕೆ ಕಂಡಿತು. ಹೊರಬಂದು ನೋಡಿದಾಗ ಅದು ಬರಿಗಣ್ಣಿಗೂ ಗೋಚರಿಸಿತು. ಅದೇ ರಾತ್ರಿ ಅಲ್ಲಿನ ದೂರದರ್ಶಕ ನಿರ್ವಾಹಕ ಆಸ್ಕರ್ ಡುಹಾಲ್ಡೆ ಅದನ್ನು ಕಂಡಿದ್ದರು. ನ್ಯೂಜಿಲೆಂಡಿನ ಹವ್ಯಾಸಿ ವೀಕ್ಷಕ ಆಲ್ಬರ್ಟ್ ಜೋನ್ಸ್ ಕೂಡ ಸ್ವತಂತ್ರವಾಗಿ ಇದನ್ನು ಗುರುತಿಸಿದರು. ಕಾಂತಿಯಲ್ಲಿ ಏರಿಳಿತ ತೋರುವ ಚಂಚಲ ನಕ್ಷತ್ರಗಳ ವೀಕ್ಷಣೆಗೆ ಜೀವನವನ್ನೇ ಮೀಸಲಿಟ್ಟ ಜೋನ್ಸ್, ಒಟ್ಟು ಐದು ಲಕ್ಷಕ್ಕೂ ಹೆಚ್ಚು ವೀಕ್ಷಣೆಗಳನ್ನು ದಾಖಲಿಸಿದವರು.

‘ಕಾಣಲಿಲ್ಲ’ ಎಂಬ ದಾಖಲೆಯ ಮಹತ್ವ

ಬೆಳಕು ಕಾಣುವ ಮೊದಲೇ, ಫೆಬ್ರವರಿ 23ರಂದು ಅಂತರರಾಷ್ಟ್ರೀಯ ಕಾಲಮಾನ 7 ಗಂಟೆ 35 ನಿಮಿಷದ ಸುಮಾರಿಗೆ, ಜಪಾನಿನ ಕಮಿಯೊಕಾಂಡೆ, ಅಮೆರಿಕದ ಐಎಂಬಿ ಮತ್ತು ಸೋವಿಯತ್ ಒಕ್ಕೂಟದ ಬಕ್ಸಾನ್ ಶೋಧಕಗಳು ಒಟ್ಟು ಸುಮಾರು ಎರಡು ಡಜನ್ ನ್ಯೂಟ್ರಿನೊಗಳನ್ನು ದಾಖಲಿಸಿದ್ದವು. ಇದರಿಂದ ನಕ್ಷತ್ರದ ಒಡಲು ಕುಸಿದ ಕ್ಷಣವೇ ತಿಳಿದಂತಾಯಿತು.

ಸ್ಫೋಟದ ಆಘಾತತರಂಗವು ನಕ್ಷತ್ರದ ಮೇಲ್ಮೈಯನ್ನು ತಲಪಿ ಬೆಳಕು ಹೊಮ್ಮಲು ಎಷ್ಟು ಹೊತ್ತು ಬೇಕಾಯಿತು ಎಂಬ ಪ್ರಶ್ನೆಗೆ ಉತ್ತರಿಸಲು ಜೋನ್ಸ್ ಅವರ ದಾಖಲೆ ನೆರವಾಯಿತು. ನ್ಯೂಟ್ರಿನೊಗಳು ಬಂದು ಎರಡು ಗಂಟೆ ತುಂಬುವ ಮೊದಲೇ ಅವರು ಅದೇ ಪ್ರದೇಶವನ್ನು ನೋಡಿದ್ದರು, 7.5 ಕಾಂತಿಮಾನಕ್ಕಿಂತ ಉಜ್ಜ್ವಲವಾದ ಹೊಸ ನಕ್ಷತ್ರವೇನೂ ಅಲ್ಲಿರಲಿಲ್ಲ. (ಕಾಂತಿಮಾನದ ಸಂಖ್ಯೆ ಕಡಿಮೆಯಾದಷ್ಟೂ ನಕ್ಷತ್ರ ಹೆಚ್ಚು ಉಜ್ಜ್ವಲ.) ನ್ಯೂಟ್ರಿನೊಗಳ ಬಳಿಕ ಸುಮಾರು ಮೂರು ಗಂಟೆಗೆ ಆಸ್ಟ್ರೇಲಿಯಾದಲ್ಲಿ ರಾಬರ್ಟ್ ಮೆಕ್‌ನಾಟ್ ತೆಗೆದಿದ್ದ ಛಾಯಾಚಿತ್ರದಲ್ಲಿ ಅದು ಸುಮಾರು 6.4 ಕಾಂತಿಮಾನದಲ್ಲಿ ಕಾಣುತ್ತದೆ. ಸ್ಫೋಟದ ಯಾವ ಸಿದ್ಧಾಂತವೇ ಆಗಲಿ ಈ ಎರಡು ದಾಖಲೆಗಳಿಗೆ ಹೊಂದಿಕೊಳ್ಳಬೇಕಾಯಿತು. ಏನೂ ಕಾಣದಿದ್ದರೂ ಸಮಯಸಹಿತ ಬರೆದಿಟ್ಟ ವೀಕ್ಷಣೆ ಎಷ್ಟು ಬೆಲೆಯುಳ್ಳದ್ದು ಎಂಬುದಕ್ಕೆ ಇದು ನಿದರ್ಶನ.

ವರ್ಗೀಕರಣ

ಮಹಾನವ್ಯಗಳನ್ನು ಅವುಗಳ ಬೆಳಕಿನ ರೋಹಿತವನ್ನು ಆಧರಿಸಿ ವಿಂಗಡಿಸುವ ಕ್ರಮವನ್ನು 1941ರಲ್ಲಿ ರುಡಾಲ್ಫ್ ಮಿಂಕೋವ್‌ಸ್ಕಿ ಆರಂಭಿಸಿದರು. ಹೈಡ್ರೊಜನ್ ರೇಖೆಗಳಿಲ್ಲದವು ಮೊದಲನೆಯ ಬಗೆ, ಇರುವಂಥವು ಎರಡನೆಯ ಬಗೆ. ಮೊದಲನೆಯ ಬಗೆಯಲ್ಲಿ ಮುಂದೆ ಮೂರು ಒಳವಿಭಾಗಗಳಾದವು: ಸಿಲಿಕಾನ್ ರೇಖೆ ಪ್ರಬಲವಾಗಿದ್ದರೆ 1ಎ, ಹೀಲಿಯಮ್ ರೇಖೆಗಳಿದ್ದರೆ 1ಬಿ, ಇವೆರಡೂ ಎದ್ದುಕಾಣದಿದ್ದರೆ 1ಸಿ. ಇವುಗಳಲ್ಲಿ 1ಎ ಶ್ವೇತಕುಬ್ಜ ನಕ್ಷತ್ರದ ಸ್ಫೋಟ. ಉಳಿದವು ಭಾರಿ ನಕ್ಷತ್ರಗಳ ಒಡಲು ಕುಸಿದು ಉಂಟಾಗುವಂಥವು.

ಎಸ್‌ಎನ್ 1987ಎ ರೋಹಿತದಲ್ಲಿ ಹೈಡ್ರೊಜನ್ ಇದ್ದುದರಿಂದ ಅದನ್ನು ಎರಡನೆಯ ಬಗೆಗೆ ಸೇರಿಸಲಾಯಿತು. ಆದರೆ ಅದರ ನಡವಳಿಕೆ ಆ ಬಗೆಯ ವಾಡಿಕೆಗೆ ಒಗ್ಗಲಿಲ್ಲ. ಆರಂಭದಲ್ಲಿ ನಿರೀಕ್ಷೆಗಿಂತ ಮಂಕಾಗಿದ್ದು, ಮೆಲ್ಲಮೆಲ್ಲನೆ ಏರಿ, ಮೇ ತಿಂಗಳಲ್ಲಿ ಸುಮಾರು 2.9 ಕಾಂತಿಮಾನದ ಗರಿಷ್ಠವನ್ನು ಮುಟ್ಟಿತು. ಆದ್ದರಿಂದ ಇದನ್ನು ಎರಡನೆಯ ಬಗೆಯ ‘ಅಸಾಮಾನ್ಯ’ ಮಹಾನವ್ಯವೆಂದು ಪರಿಗಣಿಸಲಾಗಿದೆ.

ಸಿಡಿದ ನಕ್ಷತ್ರ

ಸಿಡಿದದ್ದು ಹಳೆಯ ಪಟ್ಟಿಯೊಂದರಲ್ಲಿ ದಾಖಲಾಗಿದ್ದ, ಸೂರ್ಯನ ಸುಮಾರು 20 ಪಟ್ಟು ದ್ರವ್ಯರಾಶಿಯ ಸಂಡುಲೀಕ್ −69 202 ಎಂಬ ನೀಲಿ ಮಹಾದೈತ್ಯ. ಇಂಥ ಸ್ಫೋಟಕ್ಕೆ ಒಳಗಾಗುವುದು ಕೆಂಪು ಮಹಾದೈತ್ಯವೆಂದೇ ಅಲ್ಲಿಯವರೆಗೆ ಭಾವಿಸಲಾಗಿತ್ತು. ನೀಲಿ ನಕ್ಷತ್ರದ ಗಾತ್ರ ಕಿರಿದು. ಸ್ಫೋಟದ ಶಾಖದ ಬಹುಪಾಲು ಅದನ್ನು ಹಿಗ್ಗಿಸುವುದರಲ್ಲೇ ವ್ಯಯವಾದ್ದರಿಂದ ಮೊದಲಲ್ಲಿ ಬೆಳಕು ಕಡಿಮೆಯಾಯಿತು. ಎರಡು ನಕ್ಷತ್ರಗಳು ಮೊದಲೇ ಕೂಡಿ ಒಂದಾಗಿ ಈ ನಕ್ಷತ್ರ ರೂಪುಗೊಂಡಿರಬಹುದೆಂಬ ವಿವರಣೆಯಿದೆ.

ಗರಿಷ್ಠದ ಬಳಿಕ ಕಾಂತಿಯು ಕೋಬಾಲ್ಟ್-56ರ 77 ದಿನಗಳ ಅರ್ಧಾಯುಷ್ಯಕ್ಕೆ ಹೊಂದುವಂತೆ ಇಳಿಯಿತು. ಭಾರವಾದ ಧಾತುಗಳು ಮಹಾನವ್ಯಗಳಲ್ಲಿ ಹುಟ್ಟುತ್ತವೆ ಎಂಬುದಕ್ಕೆ ಇದು ಪುರಾವೆಯಾಯಿತು.

ಭಾರತದಲ್ಲಿ ವೀಕ್ಷಣೆ

ದಕ್ಷಿಣ ಧ್ರುವದ ಕಡೆಗಿರುವ ಈ ಮಹಾನವ್ಯವು ಬೆಂಗಳೂರಿನ ಅಕ್ಷಾಂಶದಲ್ಲಿ ದಿಗಂತದಿಂದ ಸುಮಾರು 8 ಡಿಗ್ರಿಗಿಂತ ಮೇಲೇರುವುದಿಲ್ಲ. ಆದರೂ ಬೆಂಗಳೂರಿನ ಭಾರತೀಯ ಖಭೌತ ವಿಜ್ಞಾನ ಸಂಸ್ಥೆಯ ವಿಜ್ಞಾನಿಗಳು ತಮಿಳುನಾಡಿನ ಕಾವಲೂರಿನಿಂದ ಇದರ ರೋಹಿತವನ್ನು ದಾಖಲಿಸಿದರು.

ಅವಶೇಷ

ಸ್ಫೋಟಕ್ಕೆ ಸುಮಾರು 20,000 ವರ್ಷಗಳ ಹಿಂದೆ ನಕ್ಷತ್ರ ಹೊರಚೆಲ್ಲಿದ್ದ ಅನಿಲವು ಇಂದು ಉಂಗುರದಂತೆ ಬೆಳಗುತ್ತಿದೆ. ಅವಶೇಷದ ನಡುವೆ ನ್ಯೂಟ್ರಾನ್ ನಕ್ಷತ್ರವಿರುವ ಪರೋಕ್ಷ ಸಾಕ್ಷ್ಯವನ್ನು ಜೇಮ್ಸ್ ವೆಬ್ ಬಾಹ್ಯಾಕಾಶ ದೂರದರ್ಶಕದ ವೀಕ್ಷಣೆಗಳು ಒದಗಿಸಿದ್ದು, ಈ ಫಲಿತಾಂಶ 2024ರಲ್ಲಿ ಪ್ರಕಟವಾಯಿತು.