ಬಳ್ಳಿ ಯಾರ ತೋಟದ್ದು?

ಇದು ಕಾಳುಮೆಣಸಿನ ಬಳ್ಳಿಯ ಕಥೆ.

ಪುತ್ತೂರು, ಸುಳ್ಯ, ಕಡಬ ಕಡೆಯ ನಮ್ಮ ಹಿರಿಯರಿಗೆ ನರ್ಸರಿ ಎಂಬುದಿರಲಿಲ್ಲ. ಪತ್ತನಾಜೆ ಕಳೆದು ಮಳೆ ಹಿಡಿದ ಮೇಲೆ, ನೆಲದಲ್ಲಿ ಹರಿದ ಬಳ್ಳಿಯನ್ನು ತುಂಡು ಮಾಡಿ ಅಡಿಕೆ ಮರದ ಬುಡದಲ್ಲಿ ಊರುತ್ತಿದ್ದರು. ಬದುಕಿದ್ದು ಬದುಕಿತು, ಸತ್ತದ್ದು ಸತ್ತಿತು. ಆದರೆ ಬಳ್ಳಿ ಯಾರ ತೋಟದ್ದೆಂದು ಎಲ್ಲರಿಗೂ ಗೊತ್ತಿರುತ್ತಿತ್ತು.

1971ರಲ್ಲಿ ಕೇರಳದ ಪನ್ನಿಯೂರು ಸಂಶೋಧನಾ ಕೇಂದ್ರದಿಂದ ಪನ್ನಿಯೂರು-1 ಎಂಬ ಮಿಶ್ರತಳಿ ಬಿಡುಗಡೆಯಾಯಿತು. ಮಿಶ್ರತಳಿಯನ್ನು ಬೀಜದಿಂದ ಹುಟ್ಟಿಸಿದರೆ ತಾಯಿಗುಣ ಉಳಿಯದು, ತುಂಡಿನಿಂದಲೇ ಆಗಬೇಕು. ಹೊಸ ತಳಿಗೆ ಬೇಡಿಕೆ ಬಂದಂತೆ ಪ್ಲಾಸ್ಟಿಕ್ ತೊಟ್ಟೆಯಲ್ಲಿ ಗಿಡ ಮಾಡುವ ಕ್ರಮವೂ, ಬೇರು ಬರಿಸುವ ಹುಡಿಯೂ ಬಂದವು.

ಈ ಹುಡಿಯ ಸಾರ ಐ.ಬಿ.ಎ. ಎಂಬ ವಸ್ತು. ಅದು ಬೇರು ಬರಿಸುತ್ತದೆಂದು 1935ರಲ್ಲೇ ಅಮೆರಿಕದ ಜಿಮ್ಮರ್‌ಮನ್ ಮತ್ತು ವಿಲ್ಕಾಕ್ಸನ್ ಎಂಬ ವಿಜ್ಞಾನಿಗಳು ತೋರಿಸಿದ್ದರು. ನೆಲಬಳ್ಳಿಗೆ ಗಂಟಿನಲ್ಲೇ ಬೇರು ಹೊರಡುವುದರಿಂದ ಹುಡಿ ಇಲ್ಲದೆಯೂ ನಡೆಯುತ್ತದೆ. ಪೊದೆಮೆಣಸು ಮಾಡಲು ಕಾಯಿ ಹಿಡಿಯುವ ಅಡ್ಡಗೆಲ್ಲನ್ನು ಊರುವಾಗ ಇದರ ಬೆಲೆ ತಿಳಿಯುವುದು. 8 ಗ್ರಾಂ ವಾಷಿಂಗ್ ಸೋಡಾ ಕರಗಿಸಿದ ಒಂದು ಲೀಟರ್ ನೀರಿಗೆ 1 ಗ್ರಾಂ ಶುದ್ಧ ಐ.ಬಿ.ಎ. ಸೇರಿಸಿ, ಗೆಲ್ಲಿನ ಬುಡವನ್ನು 45 ಸೆಕೆಂಡು ಅದ್ದಿದರೆ ಸಾಕು. ಹೆಚ್ಚು ಹಾಕಿದರೆ ಹೆಚ್ಚು ಬೇರು ಬರುವುದಿಲ್ಲ, ಬುಡವೇ ಹಾಳಾಗುತ್ತದೆ.

ಇನ್ನೊಂದು ಮಾತು ನಾವು ಕೈಸುಟ್ಟುಕೊಂಡು ಕಲಿತದ್ದು. ಒಂದು ವರ್ಷ ಸೊರಗು ರೋಗ ಬಂದಿದ್ದ ತೋಟದಿಂದ, ಹಸಿರಾಗಿದೆಯಲ್ಲ ಎಂದು ಬಳ್ಳಿ ತಂದು, ಹುಡಿ ಹಚ್ಚಿ ತೊಟ್ಟೆಗೆ ಹಾಕಿದೆವು. ಬೇರೇನೋ ಚೆನ್ನಾಗಿಯೇ ಬಂತು. ನೆಟ್ಟ ಮೇಲೆ ಆಟಿಯ ಮಳೆಗೆ ಎಲೆ ಕಪ್ಪಾಗಿ ಉದುರಿ, ಬುಡ ಕೊಳೆಯಿತು. ಪಕ್ಕದಲ್ಲಿದ್ದ ಅಜ್ಜನ ಕಾಲದ ಬಳ್ಳಿಗಳೂ ಹೋದವು. ಅವುಗಳ ಒಂದು ತುಂಡೂ ಬೇರೆಲ್ಲೂ ಇರಲಿಲ್ಲ. ಈ ರೋಗ ತರುವ ಫೈಟೊಫ್ತೊರಾ ಮಣ್ಣು, ನೀರು, ಬಳ್ಳಿ ಎಲ್ಲದರ ಜೊತೆ ಬರುತ್ತದೆ.

ಹುಡಿ ಬೇರು ಕೊಡುತ್ತದೆ, ಆರೋಗ್ಯ ಕೊಡುವುದಿಲ್ಲ. ಆದ್ದರಿಂದ ಹಿರಿಯರ ಆ ಪ್ರಶ್ನೆಯನ್ನು ನಾವು ಬಿಡಬಾರದು. ರೋಗವಿಲ್ಲದ ಒಳ್ಳೆಯ ಊರ ಬಳ್ಳಿ ಇರುವ ಸದಸ್ಯರು ಸಂಘದ ಕಚೇರಿಯಲ್ಲಿ ಹೆಸರು ಬರೆಸಿ, ನೆರೆಯವರಿಗೆ ಎರಡು ತುಂಡು ಕೊಡಬೇಕೆಂದು ನಮ್ಮ ವಿನಂತಿ. ಒಬ್ಬರ ತೋಟದಲ್ಲಿ ಸತ್ತರೂ ಇನ್ನೊಬ್ಬರಲ್ಲಿ ಉಳಿದೀತು.